ಸಾಂದ್ರತೆಯ ಮಾನ ಪರಿವರ್ತನೆ

ಒಂದು ವಸ್ತುವಿನ ಸಾಂದ್ರತೆಯನ್ನು ಮೆಟ್ರಿಕ್ ಮತ್ತು ಬ್ರಿಟಿಷ್ (ಇಂಪೀರಿಯಲ್) ಮಾನಗಳ ನಡುವೆ ಬದಲಿಸುವ ಲೆಕ್ಕ. 1 ಪೌಂಡ್ 0.45359237 ಕಿಲೋಗ್ರಾಂ, 1 ಅಡಿ 0.3048 ಮೀಟರ್. ಅಡಿಯನ್ನು ಘನ ಮಾಡಿ ಭಾಗಿಸಿದರೆ ಘನ ಅಡಿಗೆ 1 ಪೌಂಡ್ ಎಂದರೆ ಘನ ಮೀಟರಿಗೆ ಸುಮಾರು 16.018 ಕಿಲೋಗ್ರಾಂ. ಘನ ಮಾಡುವುದನ್ನು ಮರೆಯುವವರೂ ಇದ್ದಾರೆ.

ಭಾರತದಲ್ಲಿ 1956ರ ಕಾಯಿದೆಯಂತೆ ಮೆಟ್ರಿಕ್ ತೂಕಗಳು 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಂದವು. ಅದಕ್ಕೂ ಹಿಂದಿನ ಕಟ್ಟಡಗಳ ದಾಖಲೆ ಓದುವಾಗ ಈ ಲೆಕ್ಕ ಇಂದಿಗೂ ಬೇಕು. ಮಂಗಳೂರಿನ ಕೊಡಿಯಾಲ್‌ಬೈಲ್‌ನ ಹಳೆಯ ಮನೆಯೊಂದರ ಮುರಕಲ್ಲಿಗೆ ಘನ ಅಡಿಗೆ 140 ಪೌಂಡ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ, 16.018ರಿಂದ ಗುಣಿಸಿದರೆ ಘನ ಮೀಟರಿಗೆ ಸುಮಾರು 2,243 ಕಿಲೋಗ್ರಾಂ. ಗೋಡೆಯ ಭಾರ ಅಂದಾಜಿಸುವ ಎಂಜಿನಿಯರಿಗೆ ಇಷ್ಟು ಸಾಕು. ಮೂಲ ಅಂಕಿಯೇ ಅಂದಾಜಾಗಿರುವಾಗ ಉತ್ತರಕ್ಕೆ ನಾಲ್ಕು ದಶಮಾಂಶ ಸ್ಥಾನ ಕೊಡುವುದು ಬರಿಯ ಆಡಂಬರ.

ಹಡಗಿನವರು ಸಮುದ್ರದ ನೀರಿಗೆ ಹಿಡಿಯುವ ಘನ ಮೀಟರಿಗೆ 1,025 ಕಿಲೋಗ್ರಾಂ ಎಂದರೆ ಘನ ಅಡಿಗೆ ಸುಮಾರು 64 ಪೌಂಡ್. ದ್ರವಗಳಲ್ಲಿ ಗ್ಯಾಲನ್ನಿನ ತೊಡಕೂ ಇದೆ: ಲೀಟರಿಗೆ 1 ಕಿಲೋಗ್ರಾಂ ಎಂದರೆ ಬ್ರಿಟಿಷ್ ಗ್ಯಾಲನ್ನಿಗೆ 10.02 ಪೌಂಡ್, ಅಮೆರಿಕದ ಗ್ಯಾಲನ್ನಿಗೆ 8.35. ಕಚ್ಚಾತೈಲದ ವ್ಯಾಪಾರದಲ್ಲಿ ಎಪಿಐ ಡಿಗ್ರಿ ಎಂಬ ಬೇರೆಯೇ ಅಳತೆ ಬಳಕೆಯಲ್ಲಿದ್ದು, ಅದರ ಆಧಾರ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್.