ಮಕ್ಕಳ ಅಳತೆಗೆ ಒಂದು ಮೈದಾನ



ಅಣ್ಣನ ಅಂಗಿ ತೊಟ್ಟು ನೀವು ಎಂದಾದರೂ ಶಾಲೆಗೆ ಹೋಗಿದ್ದೀರಾ? ತೋಳು ಬೆರಳನ್ನು ಮುಚ್ಚುತ್ತದೆ, ಭುಜ ಜಾರುತ್ತದೆ. ಅಂಗಿ ಚೆನ್ನಾಗಿಯೇ ಇದೆ. ಅಳತೆ ಮಾತ್ರ ನಿಮ್ಮದಲ್ಲ. ಆಟದ ಮೈದಾನದಲ್ಲೂ ಹೀಗಾಗುವುದುಂಟು. ಹತ್ತು ವರ್ಷದ ಹುಡುಗ 22 ಗಜದ ಕ್ರಿಕೆಟ್ ಪಿಚ್ಚಿನ ಒಂದು ತುದಿಯಿಂದ ಚೆಂಡೆಸೆದರೆ ಅದು ಎರಡು ಸಲ ನೆಲಕ್ಕೆ ಬಿದ್ದು, ಸುಸ್ತಾಗಿ ಬ್ಯಾಟಿನ ಬಳಿ ಬರುವುದನ್ನು ನೀವು ನೋಡಿರಬಹುದು. ಹುಡುಗನಿಗೆ ಶಕ್ತಿ ಸಾಲದು ಎಂದು ನಾವು ಹೇಳಿಬಿಡುತ್ತೇವೆ. ಮೈದಾನವೇ ಅವನಿಗೆ ದೊಡ್ಡದಾಯಿತೇ ಎಂದು ಕೇಳುವವರು ಕಡಿಮೆ.

ಹಾಗೆ ಕೇಳಿದವರೊಬ್ಬರ ಕಥೆ ಇಲ್ಲಿದೆ. ಕಥೆ ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ. ಆಟ ಬೇಸ್‌ಬಾಲ್.

ಬೇಸ್‌ಬಾಲ್ ಮೈದಾನದ ನಡುವೆ ಒಂದು ಚೌಕವಿರುತ್ತದೆ. ಅದರ ನಾಲ್ಕು ಮೂಲೆಗಳೇ ನಾಲ್ಕು ಬೇಸ್‌ಗಳು. ಒಂದು ಮೂಲೆಯಲ್ಲಿ ಬ್ಯಾಟುಗಾರ ನಿಲ್ಲುತ್ತಾನೆ. ಚೌಕದ ನಡುವಿನಿಂದ ಪಿಚರ್ ಚೆಂಡೆಸೆಯುತ್ತಾನೆ. ಚೆಂಡನ್ನು ಹೊಡೆದವನು ಬ್ಯಾಟು ಬಿಟ್ಟು ಮೊದಲ ಬೇಸ್‌ಗೆ ಓಡಬೇಕು. ನೆಲದ ಮೇಲೆ ಉರುಳಿದ ಚೆಂಡನ್ನು ಎದುರಾಳಿಗಳು ಹಿಡಿದೆಸೆದು, ಅದು ಅವನಿಗಿಂತ ಮೊದಲು ಆ ಬೇಸ್ ತಲುಪಿದರೆ ಅವನು ಔಟ್. ನಾಲ್ಕೂ ಮೂಲೆ ಸುತ್ತಿ ಬಂದರೆ ಒಂದು ರನ್. ಓಟಕ್ಕೂ ಎಸೆತಕ್ಕೂ ನಡೆಯುವ ಈ ಪೈಪೋಟಿಯೇ ಆಟದ ಜೀವಾಳ.

ದೊಡ್ಡವರ ಆಟದಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಪಿಚರ್ ನಿಲ್ಲುವ ದೂರ 1893ರಿಂದ 60 ಅಡಿ 6 ಅಂಗುಲ. ಈ ಅಳತೆಯಲ್ಲಿ ಹತ್ತು ವರ್ಷದ ಮಕ್ಕಳು ಆಡಿದರೆ ಏನಾಗುತ್ತದೆ? ದೂರದ ಮೂಲೆಯಿಂದ ಎಸೆದ ಚೆಂಡು ಬೇಸ್ ಮುಟ್ಟುವ ಹೊತ್ತಿಗೆ ಓಟಗಾರ ಅಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿರುತ್ತಾನೆ. ಆಟ ಕೆಟ್ಟಿತು!

1938ರಲ್ಲಿ ವಿಲಿಯಮ್ಸ್‌ಪೋರ್ಟಿನ ಕಾರ್ಲ್ ಸ್ಟಾಟ್ಜ್ ತಮ್ಮ ಸಂಬಂಧಿಕರ ಇಬ್ಬರು ಹುಡುಗರ ಜೊತೆ ಹಿತ್ತಲಿನಲ್ಲಿ ಚೆಂಡಾಡುತ್ತಿದ್ದರು. ಚೆಂಡು ಹಿಡಿಯಲು ಹೋಗಿ ಲೈಲಾಕ್ ಗಿಡದ ಕಡ್ಡಿ ತಾಗಿ ಕಾಲು ತರಚಿತು. ನೋವಿನಲ್ಲಿ ಕುಳಿತಾಗ ಅವರಿಗೆ ಹೊಳೆಯಿತು: ಈ ಮಕ್ಕಳಿಗೆ ತಮ್ಮದೇ ಅಳತೆಯ ಮೈದಾನ, ತಮ್ಮದೇ ತಂಡ, ತಮ್ಮದೇ ಪಂದ್ಯ ಏಕಿರಬಾರದು?

ಮುಂದೆ ಅವರು ಮಾಡಿದ್ದು ಒಂದು ವಿಜ್ಞಾನ ಪ್ರಯೋಗವೆಂದೇ ನನಗೆ ಅನಿಸುತ್ತದೆ. ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಒಬ್ಬನನ್ನು ಓಡಿಸಿದರು, ಇನ್ನೊಬ್ಬನಿಂದ ಎಸೆಯಿಸಿದರು. ಎಸೆದವನಿಗೂ ಓಡಿದವನಿಗೂ ಗೆಲ್ಲುವ ಅವಕಾಶ ಸರಿಸಮವಾಗಿ ಒದಗುವವರೆಗೆ ಬೇಸ್‌ನ ಜಾಗವನ್ನು ಬದಲಾಯಿಸುತ್ತ ಹೋದರು. ಕೊನೆಗೆ ನಿಂತ ದೂರ 60 ಅಡಿ. ಗಮನಿಸಿ, ಇದು ಸಮಿತಿಯೊಂದು ಮೇಜಿನ ಸುತ್ತ ಕುಳಿತು ಬರೆದ ಸಂಖ್ಯೆಯಲ್ಲ. ಮಕ್ಕಳ ಕಾಲು ಮತ್ತು ತೋಳುಗಳೇ ಹೇಳಿಕೊಟ್ಟ ಸಂಖ್ಯೆ.

ಸ್ವಲ್ಪ ಲೆಕ್ಕ ಮಾಡೋಣ. 90 ಅಡಿಯ ಚೌಕದ ವಿಸ್ತೀರ್ಣ 8,100 ಚದರ ಅಡಿ. 60 ಅಡಿಯದು 3,600. ಬದಿಯ ಉದ್ದ ಮೂರನೆಯ ಒಂದು ಭಾಗ ಕಡಿಮೆಯಾದರೆ ಕಾಯಬೇಕಾದ ನೆಲ ಅರ್ಧಕ್ಕಿಂತಲೂ ಕಡಿಮೆಯಾಯಿತು! ಇನ್ನು ಪಿಚರ್‌ನ ದೂರ. ಮೊದಲ ವರ್ಷಗಳಲ್ಲಿ ಅದನ್ನು ಹೆಚ್ಚಿಸುತ್ತ ಹೋಗಿ ಕೊನೆಗೆ 46 ಅಡಿಗೆ ನಿಲ್ಲಿಸಿದರು. ಅಲ್ಲಿಂದ ಗಂಟೆಗೆ 70 ಮೈಲಿ ವೇಗದಲ್ಲಿ ಬರುವ ಚೆಂಡು ಬ್ಯಾಟುಗಾರನನ್ನು ತಲುಪಲು ಸುಮಾರು 0.45 ಸೆಕೆಂಡು ಬೇಕು. ದೊಡ್ಡವರ ಮೈದಾನದಲ್ಲಿ ಗಂಟೆಗೆ 92 ಮೈಲಿ ವೇಗದ ಚೆಂಡಿಗೂ ಅಷ್ಟೇ ಸಮಯ. ಅಂದರೆ ಹುಡುಗನ ಎದುರಿನ ಸವಾಲು ಚಿಕ್ಕದಲ್ಲ, ಅವನ ಅಳತೆಯದು. ಟೆಲಿವಿಷನ್ ಪರದೆಯ ಮೇಲೆ ಈ ಮಕ್ಕಳ ಪಂದ್ಯ ನೋಡಿದರೆ, ಪಕ್ಕದಲ್ಲಿ ಒಬ್ಬ ವಯಸ್ಕ ಬಂದು ನಿಲ್ಲುವವರೆಗೆ ಮೈದಾನ ಕಿರಿದೆಂದು ತಿಳಿಯುವುದೇ ಇಲ್ಲ. ಪ್ರಮಾಣ ಸರಿಯಾಗಿದ್ದರೆ ಕಣ್ಣೂ ಒಪ್ಪುತ್ತದೆ.

ಹಣ ಕೇಳಲು ಸ್ಟಾಟ್ಜ್ ಐವತ್ತಕ್ಕೂ ಹೆಚ್ಚು ಬಾಗಿಲುಗಳನ್ನು ತಟ್ಟಿದರಂತೆ. ಕೊನೆಗೆ ಒಂದು ಹಾಲಿನ ಡೈರಿ, ಒಂದು ಮರದ ವ್ಯಾಪಾರ ಸಂಸ್ಥೆ, ಒಂದು ಪ್ರೆಟ್ಜೆಲ್ ತಿಂಡಿಯ ಕಂಪನಿ ಒಪ್ಪಿದವು. 1939ರ ಜೂನ್ 6ರಂದು ಮೊದಲ ಪಂದ್ಯ. ಹೀಗೆ 'ಲಿಟ್ಲ್ ಲೀಗ್' ಹುಟ್ಟಿತು.

ಮೂರು ತಂಡಗಳಿದ್ದಾಗ ಎಲ್ಲರೂ ಎಲ್ಲರೊಡನೆ ಆಡಬಹುದು. ತಂಡಗಳು ಹೆಚ್ಚಾದರೆ? ಈಗ ಅಳೆಯಬೇಕಾದದ್ದು ಮೈದಾನವನ್ನಲ್ಲ, ಪಂದ್ಯಾವಳಿಯನ್ನು. ಎಂಟು ತಂಡಗಳಿವೆ ಎನ್ನಿ. ಸೋತವರು ಮನೆಗೆ ಎಂಬ ನಾಕೌಟ್ ಪದ್ಧತಿಯಲ್ಲಿ 7 ಪಂದ್ಯ ಸಾಕು. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಪದ್ಧತಿಗೆ 28 ಪಂದ್ಯ ಬೇಕು. ಎರಡು ಸಲ ಸೋತರೆ ಮಾತ್ರ ಹೊರಗೆ ಎಂಬ ಮಧ್ಯಮ ಮಾರ್ಗಕ್ಕೆ 14 ಅಥವಾ 15. ನೀವೇ ಲೆಕ್ಕ ಹಾಕಿ ನೋಡಿ.

1947ರಲ್ಲಿ ವಿಲಿಯಮ್ಸ್‌ಪೋರ್ಟಿನಲ್ಲಿ ಮೊದಲ ದೊಡ್ಡ ಪಂದ್ಯಾವಳಿ ನಡೆದು ಅದೇ ಊರಿನ ಮೇನಾರ್ಡ್ ತಂಡ ಗೆದ್ದಿತು. ಹತ್ತು ವರ್ಷದ ನಂತರ, 1957ರಲ್ಲಿ, ಮೆಕ್ಸಿಕೋದ ಮಾಂಟೆರ‍್ರೇ ನಗರದ ಬಡ ಹುಡುಗರ ತಂಡವೊಂದು ಗಡಿ ದಾಟಿ ಬಂದಿತು. ನಾಕೌಟ್ ಪದ್ಧತಿ; ಒಂದು ಸೋಲಾದರೆ ಊರಿಗೆ ವಾಪಸು. ಆ ಹುಡುಗರು ಸತತವಾಗಿ 13 ಪಂದ್ಯ ಗೆದ್ದರು. ಮಕ್ಕಳ ಪಂದ್ಯಕ್ಕೆ ಆರೇ ಇನ್ನಿಂಗ್ಸ್. ಅಂತಿಮ ಪಂದ್ಯದಲ್ಲಿ ಆಂಖೆಲ್ ಮಸಿಯಾಸ್ ಎಂಬ ಬಾಲಕ ಎದುರಾಳಿಗಳ 18 ಬ್ಯಾಟುಗಾರರಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಗೊಡಲಿಲ್ಲ. ಅಮೆರಿಕದ ಹೊರಗಿನ ತಂಡವೊಂದು ಗೆದ್ದದ್ದು ಅದೇ ಮೊದಲು.

ಗೆದ್ದವರ ಕಥೆ ರೋಮಾಂಚಕ, ಅಲ್ಲವೆ? ಆದರೆ ಮೊದಲ ದಿನವೇ ಸೋತು, ಗಂಟುಮೂಟೆ ಕಟ್ಟಿದ ಹನ್ನೆರಡು ವರ್ಷದವನ ಕಥೆಯನ್ನೂ ನೆನೆಯಿರಿ. ಪ್ರೇಕ್ಷಕರು ಹೆಚ್ಚಿದರು, ಟೆಲಿವಿಷನ್ ಬಂತು, ಗೆಲುವಿನ ಹಸಿವು ಮಕ್ಕಳಿಗಿಂತ ದೊಡ್ಡವರಿಗೆ ಹೆಚ್ಚಾಯಿತು. ಸಂಸ್ಥೆ ಹಿಡಿದ ದಾರಿಯನ್ನು ಒಪ್ಪದ ಸ್ಟಾಟ್ಜ್ 1955ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ಮರುವರ್ಷ ತಾವೇ ಹುಟ್ಟುಹಾಕಿದ ಸಂಸ್ಥೆಯಿಂದ ದೂರವಾದರು.

ಆದರೂ ಅಳೆಯುವ ಕೆಲಸ ನಿಲ್ಲಲಿಲ್ಲ. 1992ರಲ್ಲಿ ವಿಲಿಯಮ್ಸ್‌ಪೋರ್ಟಿನ ಪಂದ್ಯಾವಳಿಗೆ ಗುಂಪಿನೊಳಗೆ ಲೀಗ್ ಪದ್ಧತಿ ಬಂತು. 2010ರಿಂದ, ಆರಂಭದ ಸುತ್ತುಗಳಲ್ಲಿ ಒಮ್ಮೆ ಸೋತವರಿಗೂ ಇನ್ನೊಂದು ಅವಕಾಶ ದೊರೆಯಿತು. ಆದರೆ ಅವಕಾಶ ಹೆಚ್ಚಿದಷ್ಟೂ ಪಂದ್ಯ ಹೆಚ್ಚು. ಪಂದ್ಯ ಹೆಚ್ಚಿದಷ್ಟೂ ಪಿಚರ್‌ನ ತೋಳಿಗೆ ಶ್ರಮ ಹೆಚ್ಚು. ಬೆಳೆಯುವ ಮಕ್ಕಳ ಮೊಣಕೈಯಲ್ಲಿ ಮೂಳೆಯ ತುದಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆದ್ದರಿಂದಲೇ 2007ರಲ್ಲಿ ಎಸೆತಗಳನ್ನು ಎಣಿಸುವ ನಿಯಮ ಜಾರಿಗೆ ಬಂದಿತ್ತು: 11-12 ವಯಸ್ಸಿನವರಿಗೆ ದಿನಕ್ಕೆ 85 ಎಸೆತವೇ ಮಿತಿ, ಹೆಚ್ಚು ಎಸೆದವನಿಗೆ ಹೆಚ್ಚು ದಿನದ ವಿಶ್ರಾಂತಿ.

ಇನ್ನೊಂದು ತೊಡಕಿತ್ತು. ಹನ್ನೆರಡಕ್ಕೆ 60 ಅಡಿಯಲ್ಲಿ ಆಡಿದವನು ಹದಿಮೂರಕ್ಕೆ ಒಮ್ಮೆಲೇ 90 ಅಡಿಗೆ ಹಾರುವುದು ಹೇಗೆ? ಇದಕ್ಕೆಂದೇ 1951ರಲ್ಲಿ 13-14 ವಯಸ್ಸಿನವರಿಗಾಗಿ 'ಪೋನಿ' ಎಂಬ ಬೇರೊಂದು ಲೀಗ್ ಆರಂಭವಾಯಿತು. ಅದರ ಇಂದಿನ ಅಳತೆ 80 ಅಡಿ. ಲಿಟ್ಲ್ ಲೀಗ್ ಕೂಡ 2013ರ ಹೊತ್ತಿಗೆ 70 ಅಡಿಯ ವಿಭಾಗವನ್ನು ಸೇರಿಸಿತು. ಒಂದು ದೊಡ್ಡ ಜಿಗಿತದ ಬದಲು ಮೆಟ್ಟಿಲುಗಳು.

ಮಿತ್ರರೇ, ಈ ಬಾರಿ ನಿಮ್ಮ ಬೀದಿಯಲ್ಲಿ ತಮ್ಮ ತಂಗಿಯರ ಜೊತೆ ಆಡುವಾಗ ಒಂದು ಟೇಪು ತೆಗೆದುಕೊಂಡು ಹೋಗಿ. ಚಿಕ್ಕವರನ್ನು ಓಡಿಸಿ, ಎಸೆಯಿಸಿ, ಗೆರೆಯನ್ನು ಹಿಂದೆ ಮುಂದೆ ಸರಿಸಿ ನೋಡಿ. ಇಬ್ಬರಿಗೂ ಗೆಲ್ಲುವ ಆಸೆ ಹುಟ್ಟುವ ಜಾಗ ಒಂದಿರುತ್ತದೆ. ಅಲ್ಲಿ ಗೆರೆ ಎಳೆಯಿರಿ. ಮೂಲೆಯಲ್ಲಿ ನಿಂತು ಚೆಂಡು ಹೆಕ್ಕಿಕೊಡುತ್ತಿದ್ದ ಮಗುವೂ ಆಗ ಆಟಗಾರನಾಗುತ್ತದೆ.