ತಂಬೂರಿಯಿಂದ ಗಿಟಾರಿಗೆ

ನಮ್ಮ ಮಳವಳ್ಳಿ ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ತಂಬೂರಿ ಹಿಡಿಯುತ್ತಾರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಹಿಡಿದದ್ದು ಗಿಟಾರು. 2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ಸ್ವಂತ ಹಾಡುಗಳ ಜೊತೆಗೆ ಶಿಶುನಾಳ ಶರೀಫರ (1819–1889) ತತ್ವಪದಗಳೂ ಇದ್ದವು.

ನನ್ನ ವಯಸ್ಸಿನವರಿಗೆ ಶರೀಫರನ್ನು ಹತ್ತಿರ ಮಾಡಿದವರು ಸಿ. ಅಶ್ವತ್ಥ್. 1990ರಲ್ಲಿ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ ಆ ಪದಗಳನ್ನು ಗುನುಗದ ಮನೆಯಿರಲಿಲ್ಲ. ಹಾಗಾಗಿ ಗಿಟಾರಿನ ಧಾಟಿ ನನಗೆ ಮೊದಲು ರುಚಿಸಲಿಲ್ಲ.

ಆದರೆ ತತ್ವಪದವೆಂದರೆ ಆಕಳಿಸುತ್ತಿದ್ದ ಮದ್ದೂರಿನ ನನ್ನ ವಿದ್ಯಾರ್ಥಿನಿಯರು, ಸೋರುವ ಮನೆಯ ಪದವನ್ನು ಆ ಧಾಟಿಯಲ್ಲಿ ಕೇಳಿ, “ಮಿಸ್, ಮನೆ ಅಂದ್ರೆ ಇಲ್ಲಿ ಮೈಯಾ, ಮನಸ್ಸಾ?” ಎಂದು ಕೇಳಲು ಬಂದರು. ಪಾಠ ಮಾಡಿದಾಗ ಹುಟ್ಟದ ಪ್ರಶ್ನೆ ಅದು. ಅಂಥ ಮಕ್ಕಳಿಗೆ ಗಿಟಾರು ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ.