ಪಂಕ್ಚರ್ ಆದವನಿಗೆ ಪಂಪು ಕೊಟ್ಟರೆ ದಂಡ!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದರೆ ಸೈಕಲ್ ಪಟುಗಳ ಸೀಮೆ. ಇಲ್ಲಿಯ ಜಾಲಿಮುಳ್ಳಿಗೆ ರೇಸ್ ಸೈಕಲ್ಲು, ಹಾಲಿನ ಸೈಕಲ್ಲು ಎಂಬ ಭೇದವಿಲ್ಲ. ಪಂಕ್ಚರ್ ಆಗಿ ನಿಂತವನಿಗೆ ಪಂಪು ಕೊಡುವುದು ನಮಗೆ ಸಹಜ. ಆದರೆ ರೇಸಿನಲ್ಲಿ ಒಂದು ಕಾಲಕ್ಕೆ ಅದೇ ತಪ್ಪಾಗಿತ್ತು!

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿ ಟೈರು ಮಾಡಿದ. ರಿಮ್ಮಿಗೆ ಅಂಟಿಸಿದ ಆ ಟೈರಿನ ರಿಪೇರಿ ತಾಸುಗಟ್ಟಲೆಯ ಕೆಲಸ. 1891ರಲ್ಲಿ ಮಿಶೆಲಿನ್ ಸೋದರರು ಬಿಚ್ಚಿ ಹಾಕುವ ಟೈರು ತಂದರು. ಮರುವರ್ಷ ತಾವೇ ನಡೆಸಿದ ರೇಸಿನಲ್ಲಿ ರಸ್ತೆಗೆ ಮೊಳೆ ಚೆಲ್ಲಿಸಿ, ರಿಪೇರಿ ಎಷ್ಟು ಸುಲಭ ಎಂದು ತೋರಿಸಿದರು!

1903ರಲ್ಲಿ ಟೂರ್ ದ ಫ್ರಾನ್ಸ್ ಶುರುವಾಯಿತು. ಆಗಿನ ಸವಾರರು ಹೆಚ್ಚುವರಿ ಟೈರನ್ನು ಹೆಗಲಿಗೆ ಸುತ್ತಿಕೊಂಡು ಹೋಗುತ್ತಿದ್ದರು. ಏನೇ ಕೆಟ್ಟರೂ ತಾವೇ ಸರಿಮಾಡಿಕೊಳ್ಳಬೇಕು. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಮುರಿದ ಫೋರ್ಕನ್ನು ಕಮ್ಮಾರನ ಕುಲುಮೆಯಲ್ಲಿ ತಾನೇ ಬೆಸೆದ. ಹುಡುಗನೊಬ್ಬ ತಿದಿ ಒತ್ತಿದ್ದಕ್ಕೆ ಅವನಿಗೆ ಸಮಯದ ದಂಡ ಬಿತ್ತು.

ಕಾಲ ಬದಲಾಯಿತು. 1934ರಲ್ಲಿ ಇಪ್ಪತ್ತು ವರ್ಷದ ರೆನೆ ವಿಯೆತ್ತೋ ತನ್ನ ಗಾಲಿಯನ್ನೇ ಬಿಚ್ಚಿ ತಂಡದ ನಾಯಕ ಆಂತೊನಾ ಮಾನ್‌ಗೆ ಕೊಟ್ಟ. ಟೂರ್ ಗೆದ್ದದ್ದು ಮಾನ್. ಆದರೂ ಜನ ಇಂದಿಗೂ ನೆನೆಯುವುದು ಗಾಲಿ ಕೊಟ್ಟವನನ್ನು.

ನಮ್ಮ ಹುಡುಗರೂ ಟ್ಯೂಬು, ಸೊಲ್ಯೂಷನ್ನು, ಪಂಪು ಜೊತೆಗಿಟ್ಟುಕೊಳ್ಳಲಿ. ದಾರಿಯಲ್ಲಿ ನಿಂತವನಿಗೆ ಕೊಡಬೇಕೆಂದರೂ ಮೊದಲು ನಮ್ಮ ಹತ್ತಿರ ಇರಬೇಕಲ್ಲ?